ಜರ್ಮನಿಯಲ್ಲಿ ಕಟ್ಟಿದ ವಾರಗಳು ಐರ್ಲೆಂಡಿನಲ್ಲಿ ಲೆಕ್ಕಕ್ಕೆ ಬಂದ ಬಗೆ

ಐರ್ಲೆಂಡಿನಲ್ಲಿ ಕೆಲಸ ಮಾಡುವವರು ಕಾಯಿಲೆ ಬಿದ್ದರೆ ಸರ್ಕಾರ ವಾರವಾರ ಒಂದಿಷ್ಟು ಹಣ ಕೊಡುತ್ತದೆ. ಅದಕ್ಕೆ ಇಲ್‌ನೆಸ್ ಬೆನಿಫಿಟ್ ಅನ್ನುತ್ತಾರೆ. ಸಂಬಳದ ಚೀಟಿಯಲ್ಲಿ ಪಿಆರ್‌ಎಸ್‌ಐ ಅಂತ ಕಡಿತ ಇರುತ್ತಲ್ಲ, ಆ ವಿಮೆಯಿಂದ ಬರುವ ಹಣ ಇದು. ನಾನು ಮಲಗಿದಾಗ ಆ ದೇಶಕ್ಕೆ ಬಂದು ಆರು ತಿಂಗಳೂ ತುಂಬಿರಲಿಲ್ಲ. ಆದರೂ ನನಗೆ ಅದು ಸಿಕ್ಕಿತು. ಅದಕ್ಕೂ ಮುಂಚೆ ಜರ್ಮನಿಯಲ್ಲಿ ದುಡಿದ ವರ್ಷಗಳನ್ನು ಐರ್ಲೆಂಡಿನವರು ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡರು. ಹೀಗೊಂದು ದಾರಿ ಇದೆ ಅಂತ ಗೊತ್ತಿಲ್ಲದೆ ಅರ್ಜಿಯನ್ನೇ ಹಾಕದ ಕನ್ನಡದವರನ್ನು ನಾನು ಕಂಡಿದ್ದೇನೆ. ಬೇಜಾರಾಗುತ್ತದೆ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೆ. 2019ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿ ಜರ್ಮನಿಗೆ ಹೋದೆ. 2023ರ ಸೆಪ್ಟೆಂಬರ್‌ನಲ್ಲಿ ಡಬ್ಲಿನ್‌ಗೆ ಬಂದೆವು, ನಾನು, ಗಂಡ, ಮಗಳು. ಗಂಡ ಇನ್ನೂ ಕೆಲಸ ಹುಡುಕುತ್ತಿದ್ದರು. 2024ರ ಫೆಬ್ರವರಿಯಲ್ಲಿ ಸೊಂಟದ ಡಿಸ್ಕ್ ಜಾರಿತು. ಬಲಗಾಲಿನ ತುದಿವರೆಗೂ ನೋವು. ಕೂರೋಕೂ ಆಗದು, ನಿಲ್ಲೋಕೂ ಆಗದು. ಕೊನೆಗೆ ಆಪರೇಷನ್ ಆಗಬೇಕು ಅಂದರು.

ಕಂಪನಿಯಿಂದ ಸಿಗುವ ಸಿಕ್ ಪೇ ಪ್ರೊಬೇಷನ್ ಮುಗಿದವರಿಗೆ ಮಾತ್ರ. ನನ್ನದು ಮುಗಿದಿರಲಿಲ್ಲ. ಕಾನೂನು ಪ್ರಕಾರ ಎಲ್ಲರಿಗೂ ಸಿಗಲೇಬೇಕಾದ ಸ್ವಲ್ಪ ರಜೆ ಇದೆ. 2022ರ ಕಾಯ್ದೆಯಿಂದ ಬಂದದ್ದು, 13 ವಾರ ಕೆಲಸ ಮಾಡಿದವರಿಗೆ. 2024ರಲ್ಲಿ ಅದು ವರ್ಷಕ್ಕೆ 5 ದಿನ ಇತ್ತು. ಸಂಬಳದ 70 ಪರ್ಸೆಂಟ್, ಅದೂ ದಿನಕ್ಕೆ 110 ಯೂರೋ ಮೀರುವ ಹಾಗಿಲ್ಲ. ಆ ಐದು ದಿನ ಮುಗಿದ ಮೇಲೆ ಮನೆಗೆ ಏನೂ ಬರುವುದಿಲ್ಲ. ಡಬ್ಲಿನ್ ಬಾಡಿಗೆ ಕಟ್ಟಿದವರಿಗೆ ಆ ಭಯ ಏನು ಅಂತ ಗೊತ್ತು.

ಇಲ್‌ನೆಸ್ ಬೆನಿಫಿಟ್ ಕೇಳೋಣ ಅಂದರೆ ಆಫೀಸಿನ ಎಚ್‌ಆರ್‌ನವರು, "ನೀವು ಬಂದು ಇನ್ನೂ ಎಷ್ಟು ದಿನ ಆಯಿತು, ನಿಮಗೆ ಸಿಗಲ್ಲ" ಅಂದರು. ಬೇರೆ ಸಹೋದ್ಯೋಗಿಗಳೂ ಅದೇ ಮಾತು. ಐರ್ಲೆಂಡಿನ ದುಡಿಮೆ ಒಂದನ್ನೇ ನೋಡಿದರೆ ಅವರು ಹೇಳಿದ್ದು ಸರಿಯೇ.

ನಿಯಮ ಹೀಗಿದೆ. ಮೊದಲ ಬಾರಿ ಕೆಲಸಕ್ಕೆ ಸೇರಿದಾಗಿನಿಂದ ಒಟ್ಟು 104 ವಾರಗಳ ಪಿಆರ್‌ಎಸ್‌ಐ ಕಟ್ಟಿರಬೇಕು. ಅದಲ್ಲದೆ ಒಂದು ನಿರ್ದಿಷ್ಟ ವರ್ಷದಲ್ಲಿ 39 ವಾರಗಳು ಇರಬೇಕು, ಕಟ್ಟಿದ್ದೋ ಕ್ರೆಡಿಟ್ ಆಗಿ ಬಂದದ್ದೋ. ಕ್ರೆಡಿಟ್ ಅಂದರೆ ಕಾಯಿಲೆಯಂಥ ಕಾರಣಕ್ಕೆ ಹಣ ಕಟ್ಟದಿದ್ದರೂ ಲೆಕ್ಕಕ್ಕೆ ಸೇರುವ ವಾರ. ಅಥವಾ ಆ ವರ್ಷ 26 ವಾರ, ಅದರ ಹಿಂದಿನ ವರ್ಷ 26 ವಾರ ಕಟ್ಟಿದ್ದರೂ ನಡೆಯುತ್ತದೆ. ಆ ನಿರ್ದಿಷ್ಟ ವರ್ಷ ಅಂದರೆ ಹೋದ ವರ್ಷ ಅಲ್ಲ, ಅದರ ಹಿಂದಿನದು. ನಾನು ಅರ್ಜಿ ಹಾಕಿದ್ದು 2024ರಲ್ಲಿ, ಹಾಗಾಗಿ ಅವರು ನೋಡುವುದು 2022ನ್ನು. 2022ರಲ್ಲಿ ನಾನು ಐರ್ಲೆಂಡಿಗೆ ಕಾಲೇ ಇಟ್ಟಿರಲಿಲ್ಲ.

ಈ "ಹಿಂದಿನದರ ಹಿಂದಿನ ವರ್ಷ" ಯಾಕೆ ಅಂತ ನನಗೆ ಅರ್ಥವೇ ಆಗಿರಲಿಲ್ಲ. ಅರ್ಥ ಮಾಡಿಸಿದ್ದು ನಮ್ಮಮ್ಮ, ಫೋನಿನಲ್ಲಿ. ಅಮ್ಮ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಬಹಳ ವರ್ಷ ದುಡಿದವರು, ಇಎಸ್‌ಐ ಕಾರ್ಡ್ ಇದ್ದವರು. ನಾನು ವಿಷಯ ಹೇಳುತ್ತಿದ್ದ ಹಾಗೆ, "ನಮ್ಮ ಇಎಸ್‌ಐನಲ್ಲೂ ಹಾಗೇ ಅಲ್ವಾ" ಅಂದರು. ನಿಜ. ಇಎಸ್‌ಐನಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ಹಣಕ್ಕೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಹಕ್ಕು ಬರುತ್ತದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದಕ್ಕೆ ಜುಲೈಯಿಂದ ಡಿಸೆಂಬರ್. ಆ ಆರು ತಿಂಗಳಲ್ಲಿ ಕನಿಷ್ಠ 78 ದಿನದ ಕಾಂಟ್ರಿಬ್ಯೂಷನ್ ಇರಬೇಕು. ಇದ್ದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ 70 ಪರ್ಸೆಂಟ್ ಸಿಗುತ್ತದೆ. ಕಟ್ಟುವ ಕಾಲ ಒಂದು, ಪಡೆಯುವ ಕಾಲ ಇನ್ನೊಂದು, ಮಧ್ಯೆ ಒಂದು ಅಂತರ. ಸೂಪರ್‌ವೈಸರ್ ಹಾಜರಿ ಸರಿಯಾಗಿ ಬರೆದಿದ್ದಾನಾ ಅಂತ ಅಮ್ಮ ಮತ್ತು ಅವರ ಜೊತೆಯವರು ಆ 78 ದಿನವನ್ನು ಬೆರಳಲ್ಲಿ ಎಣಿಸುತ್ತಿದ್ದದ್ದು ನನಗೆ ನೆನಪಿದೆ. ಇಂಥ ವಿಮೆಯ ಲೆಕ್ಕದಲ್ಲಿ ಎಚ್‌ಆರ್‌ನವರಿಗಿಂತ ಅಮ್ಮನಿಗೆ ಜಾಸ್ತಿ ಗೊತ್ತಿತ್ತು.

"ಹಾಗಾದರೆ ಜರ್ಮನಿಯಲ್ಲಿ ಕಟ್ಟಿದ್ದು ಎಲ್ಲಿ ಹೋಯಿತು?" ಅಂತ ಅಮ್ಮ ಕೇಳಿದರು. ನಾನೂ ಅದನ್ನೇ ಹಿಡಿದುಕೊಂಡು ಹೊರಟೆ.

ಉತ್ತರ ಯುರೋಪಿಯನ್ ಯೂನಿಯನ್‌ನ ಒಂದು ನಿಯಮದಲ್ಲಿದೆ. ಅದರ ನಂಬರ್ 883/2004, ಜಾರಿಗೆ ಬಂದದ್ದು 2010ರ ಮೇ 1ರಿಂದ. ಒಂದು ಸದಸ್ಯ ದೇಶದಲ್ಲಿ ಹಕ್ಕು ಪಡೆಯಲು ಇಷ್ಟು ಕಾಲ ವಿಮೆ ಕಟ್ಟಿರಬೇಕು ಅಂತಿದ್ದರೆ, ಬೇರೆ ಸದಸ್ಯ ದೇಶದಲ್ಲಿ ಕಟ್ಟಿದ ಕಾಲವನ್ನೂ ತನ್ನದೇ ಅನ್ನುವ ಹಾಗೆ ಸೇರಿಸಿಕೊಳ್ಳಬೇಕು ಅಂತ ಅದರ 6ನೇ ವಿಧಿ ಹೇಳುತ್ತದೆ. ಇಲ್ಲಿ ಹಣ ಒಂದು ದೇಶದಿಂದ ಇನ್ನೊಂದಕ್ಕೆ ವರ್ಗ ಆಗುವುದಿಲ್ಲ. ಜರ್ಮನಿ ನನಗಾಗಿ ಒಂದು ಯೂರೋ ಕಳಿಸಲಿಲ್ಲ. ವಾರಗಳ ಲೆಕ್ಕ ಮಾತ್ರ ಬಂತು. ಕಾಯಿಲೆ ಬಿದ್ದಾಗ ಯಾವ ದೇಶದ ವಿಮೆಯಲ್ಲಿದ್ದೆನೋ ಆ ದೇಶವೇ, ತನ್ನ ಕಾನೂನಿನ ಪ್ರಕಾರ, ತನ್ನ ದರದಲ್ಲಿ ಹಣ ಕೊಟ್ಟಿತು.

ಇದಕ್ಕೆ ಐರ್ಲೆಂಡಿನ ಕಡೆಯಿಂದ ಒಂದು ಷರತ್ತು ಇದೆ. ಬಂದ ಮೇಲೆ ಇಲ್ಲಿ ಕನಿಷ್ಠ ಒಂದಾದರೂ ಪೂರ್ತಿ ದರದ ಪಿಆರ್‌ಎಸ್‌ಐ ವಾರ ಕಟ್ಟಿರಬೇಕು. ಹೌದು, ಒಂದೇ ಒಂದು ಸಾಕು. ನನಗೆ ಸೆಪ್ಟೆಂಬರ್‌ನಿಂದ ಕ್ಲಾಸ್ ಎ, ಅಂದರೆ ಹೆಚ್ಚಿನ ನೌಕರರು ಸೇರುವ ವರ್ಗದ ಅಡಿಯಲ್ಲಿ ಪ್ರತಿ ವಾರವೂ ಕಟ್ಟಿದ್ದು ಇತ್ತು. ಸಂಬಳದ 4 ಪರ್ಸೆಂಟ್ ಹೋಗುತ್ತಿತ್ತು.

ಆದರೆ ನಾನು ಭಾರತದ ಪಾಸ್‌ಪೋರ್ಟ್‌ನವಳು. ಈ ನಿಯಮ ಯುರೋಪಿನ ಪ್ರಜೆಗಳಿಗೆ ಮಾತ್ರವಾ? ನಮ್ಮವರು ಹೆಚ್ಚಿನವರು ಇಲ್ಲೇ ಕೈಬಿಡುತ್ತಾರೆ. ಇದಕ್ಕೂ ಉತ್ತರ ಇದೆ. 1231/2010 ಅನ್ನುವ ಇನ್ನೊಂದು ನಿಯಮ, 2011ರ ಜನವರಿಯಿಂದ ಜಾರಿಯಲ್ಲಿದೆ. ಯೂನಿಯನ್‌ನ ಹೊರಗಿನ ದೇಶದವರಾದರೂ, ಸದಸ್ಯ ದೇಶದಲ್ಲಿ ಕಾನೂನುಬದ್ಧವಾಗಿ ವಾಸ ಮಾಡುತ್ತಿದ್ದು, ಅವರ ಬದುಕು ಒಂದೇ ಸದಸ್ಯ ದೇಶಕ್ಕೆ ಸೀಮಿತವಾಗಿಲ್ಲದಿದ್ದರೆ ಅವರಿಗೂ ಅದೇ ಹಕ್ಕು. ಜರ್ಮನಿಯಿಂದ ಐರ್ಲೆಂಡಿಗೆ ಬಂದ ನಾನು ಇದರೊಳಗೆ ಬಂದೆ. ಬೆಂಗಳೂರಿನಿಂದ ನೇರ ಡಬ್ಲಿನ್‌ಗೆ ಬಂದವರು ಬರುವುದಿಲ್ಲ. ಅವರ ಮಟ್ಟಿಗೆ ಯುರೋಪಿನಲ್ಲಿ ಇರುವುದು ಒಂದೇ ದೇಶ.

ಐರ್ಲೆಂಡ್ ಈ ಎರಡನೇ ನಿಯಮಕ್ಕೆ ತಾನಾಗಿ ಸೇರಿಕೊಂಡಿತು. ಡೆನ್ಮಾರ್ಕ್ ಸೇರಲಿಲ್ಲ. ನಾರ್ವೆ, ಸ್ವಿಟ್ಜರ್ಲೆಂಡ್‌ಗಳಿಗೂ ಇದು ಅನ್ವಯಿಸುವುದಿಲ್ಲ. ಹಾಗಾಗಿ ಕೋಪನ್‌ಹೇಗನ್‌ನಲ್ಲಿ ದುಡಿದು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಬಂದವರಿಗೆ ನನ್ನ ದಾರಿ ತೆರೆಯುವುದಿಲ್ಲ. ಬ್ರಿಟನ್ ಯೂನಿಯನ್ ಬಿಟ್ಟು ಹೋಗಿದ್ದರೂ ಅದಕ್ಕೂ ಐರ್ಲೆಂಡಿಗೂ ನಡುವೆ ಸೋಷಿಯಲ್ ಸೆಕ್ಯುರಿಟಿ ಬಗ್ಗೆ ಬೇರೆಯೇ ಒಪ್ಪಂದ ಇದೆ. ಲಂಡನ್ನಿನಲ್ಲಿ ಕೆಲಸ ಮಾಡಿ ಬಂದವರು ಸುಮ್ನೆ ಕೂರದೆ ಅದನ್ನು ಕೇಳಿ ನೋಡಬೇಕು.

ಬೆಂಗಳೂರಿನಲ್ಲಿ ಕಟ್ಟಿದ ಪಿಎಫ್ ಬಗ್ಗೆ ಬಹಳ ಜನ ಕೇಳುತ್ತಾರೆ. ಭಾರತಕ್ಕೆ ಜರ್ಮನಿ, ನೆದರ್‌ಲೆಂಡ್ಸ್, ಬೆಲ್ಜಿಯಂ, ಫ್ರಾನ್ಸ್ ಮುಂತಾದ ದೇಶಗಳ ಜೊತೆ ಒಪ್ಪಂದಗಳಿವೆ. ಜರ್ಮನಿಯ ಜೊತೆಗಿನದು ಈಗಿನ ರೂಪದಲ್ಲಿ 2017ರ ಮೇ 1ರಿಂದ ನಡೆಯುತ್ತಿದೆ. ಆದರೆ ಅವು ಮುಖ್ಯವಾಗಿ ಪಿಂಚಣಿಯ ಬಗ್ಗೆ. ಕಾಯಿಲೆ ಹಣಕ್ಕೆ ಬೆಂಗಳೂರಿನ ವರ್ಷಗಳು ನನಗೆ ಒಂದು ವಾರವನ್ನೂ ಕೊಡಲಿಲ್ಲ. ಅಷ್ಟು ವರ್ಷದ ದುಡಿಮೆ ಲೆಕ್ಕಕ್ಕೆ ಇಲ್ಲ ಅನ್ನುವುದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಐರ್ಲೆಂಡಿನ ಆಸ್ಪತ್ರೆಗಳಲ್ಲಿ, ನರ್ಸಿಂಗ್ ಹೋಮ್‌ಗಳಲ್ಲಿ ಮಂಗಳೂರು, ಉಡುಪಿ ಕಡೆಯ ಎಷ್ಟು ಜನ ನರ್ಸ್‌ಗಳಿದ್ದಾರೆ. ಊರಿನಿಂದ ನೇರ ಬಂದ ಅವರಿಗೆ ಮೊದಲ ಎರಡು ವರ್ಷ ಈ ಹಣ ಸಿಗುವ ದಾರಿಯೇ ಇಲ್ಲ. ಈ ವಿಷಯ ಎರಡು ಸರ್ಕಾರಗಳು ಕೂತು ಮಾತಾಡಬೇಕಾದದ್ದು.

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ.

ಕಾಯಿಲೆ ಬಿದ್ದ ದಿನದಿಂದ 6 ವಾರದೊಳಗೆ ಅರ್ಜಿ ಹಾಕಬೇಕು. ಐರ್ಲೆಂಡಿನ ಸಮಾಜ ಕಲ್ಯಾಣ ಇಲಾಖೆಯ ಮೈವೆಲ್‌ಫೇರ್ ತಾಣದಲ್ಲಿ ಆನ್‌ಲೈನ್ ಹಾಕಬಹುದು, ಇಲ್ಲವಾದರೆ ಐಬಿ1 ಅನ್ನುವ ಕಾಗದದ ಫಾರ್ಮ್ ಇದೆ. ಕೆಲಸ ಮಾಡಲು ಆಗುವುದಿಲ್ಲ ಅನ್ನುವ ಸರ್ಟಿಫಿಕೇಟನ್ನು ಜಿಪಿ, ಅಂದರೆ ನಮ್ಮ ಮಾಮೂಲಿ ಡಾಕ್ಟರ್, ಕಂಪ್ಯೂಟರ್‌ನಲ್ಲೇ ಇಲಾಖೆಗೆ ಕಳಿಸುತ್ತಾರೆ. ಎರಡೂ ಬೇಕು. ಡಾಕ್ಟರ್ ಕಳಿಸಿದರು ಅಂತ ಅರ್ಜಿ ಹಾಕದೆ ಕೂತರೆ ಏನೂ ನಡೆಯುವುದಿಲ್ಲ.

ಅರ್ಜಿಯ ಜೊತೆಗೇ ನಾನು ಒಂದು ಪತ್ರ ಬರೆದೆ. ಮುಖ್ಯವಾದ ಕೆಲಸ ಅದೇ. ಐರ್ಲೆಂಡಿನ ಕಂಪ್ಯೂಟರ್‌ಗೆ ನನ್ನ ಜರ್ಮನಿಯ ದುಡಿಮೆ ಕಾಣುವುದಿಲ್ಲ. ನಾವೇ ಹೇಳಬೇಕು. ಪತ್ರದಲ್ಲಿ ಇಷ್ಟು ಬರೆದೆ: ನನ್ನ ಪಿಪಿಎಸ್ ನಂಬರ್ (ಐರ್ಲೆಂಡಿನ ಸರ್ಕಾರಿ ಗುರುತಿನ ಸಂಖ್ಯೆ), ಜರ್ಮನಿಯ ಸೋಷಿಯಲ್ ಇನ್ಶೂರೆನ್ಸ್ ನಂಬರ್, ಅಲ್ಲಿನ ಕಂಪನಿಯ ಹೆಸರು ಮತ್ತು ವಿಳಾಸ, ಸೇರಿದ ಮತ್ತು ಬಿಟ್ಟ ತಾರೀಕು, ನನ್ನ ಕ್ರಾಂಕನ್‌ಕಾಸೆ ಯಾವುದು, ಅಲ್ಲಿನ ಸದಸ್ಯತ್ವದ ನಂಬರ್. ಕ್ರಾಂಕನ್‌ಕಾಸೆ ಅಂದರೆ ಜರ್ಮನಿಯ ಆರೋಗ್ಯ ವಿಮಾ ಸಂಸ್ಥೆ. ಕಾಯಿಲೆ ಹಣದ ವಿಷಯದಲ್ಲಿ ಅಲ್ಲಿ ಲೆಕ್ಕ ಕೊಡುವವರು ಅವರೇ. ಕೊನೆಗೆ, "ಯುರೋಪಿಯನ್ ನಿಯಮ 883/2004 ಮತ್ತು 1231/2010ರ ಪ್ರಕಾರ ನನ್ನ ಜರ್ಮನಿಯ ವಿಮಾ ಕಾಲವನ್ನು ಸೇರಿಸಿಕೊಳ್ಳಬೇಕು" ಅಂತ ಒಂದೇ ಸಾಲು. ಪಾಸ್‌ಪೋರ್ಟ್ ಮತ್ತು ಐಆರ್‌ಪಿ ಕಾರ್ಡಿನ, ಅಂದರೆ ಐರ್ಲೆಂಡಿನ ವಾಸದ ಪರವಾನಗಿಯ, ಪ್ರತಿ ಇಟ್ಟೆ.

ಈ ಪತ್ರ ಬರೆಯಲು ನನಗೆ ಸಿಟಿಜನ್ಸ್ ಇನ್ಫರ್ಮೇಷನ್ ಸೆಂಟರ್‌ನ ಒಬ್ಬರು ಹಿರಿಯರು ಫೋನಿನಲ್ಲೇ ಸಹಾಯ ಮಾಡಿದರು. ಐರ್ಲೆಂಡಿನ ಊರೂರಲ್ಲಿ ಈ ಸೆಂಟರ್‌ಗಳಿವೆ, ಹಣ ಕೇಳುವುದಿಲ್ಲ. ಅವರು ಸಮಾಧಾನದಿಂದ ಒಂದೊಂದೇ ಸಾಲು ಓದಿಸಿ ಕೇಳಿದರು. ಮಲಗಿದ್ದಲ್ಲೇ ಫೋನ್ ಹಿಡಿದುಕೊಂಡಿದ್ದ ನನಗೆ ಆ ದನಿ ಎಷ್ಟು ಧೈರ್ಯ ಕೊಟ್ಟಿತು ಅಂತ ಹೇಳಲಾರೆ.

ಜರ್ಮನಿಯಲ್ಲಿ ಕಂಪನಿಯವರು ಪ್ರತಿ ವರ್ಷ ಕೊಡುವ ಒಂದು ಹಾಳೆ ಇದೆ, ಮೆಲ್ಡೆಬೆಶೈನಿಗುಂಗ್ ಅಂತ. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಸೋಷಿಯಲ್ ಇನ್ಶೂರೆನ್ಸ್‌ನಲ್ಲಿದ್ದಿರಿ, ಎಷ್ಟು ಸಂಬಳಕ್ಕೆ ಕಟ್ಟಿದರು ಅನ್ನುವುದು ಅದರಲ್ಲಿ ಇರುತ್ತದೆ. 12 ಅಂಕಿ-ಅಕ್ಷರಗಳ ಇನ್ಶೂರೆನ್ಸ್ ನಂಬರ್ ಕೂಡ. ನನ್ನ ಗಂಡ ಅವನ್ನೆಲ್ಲ ಒಂದು ಫೈಲಿನಲ್ಲಿ ಹಾಕಿ ಇಟ್ಟಿದ್ದರು. 2022ರ ಹಾಳೆಯ ಪ್ರತಿಯನ್ನೂ ಪತ್ರಕ್ಕೆ ಲಗತ್ತಿಸಿದೆ. ತೀರ್ಮಾನಕ್ಕೆ ಅದೊಂದೇ ಸಾಲದು. ಎರಡು ದೇಶಗಳ ಕಚೇರಿಗಳು ತಮ್ಮತಮ್ಮಲ್ಲೇ ಲೆಕ್ಕ ಖಚಿತ ಮಾಡಿಕೊಳ್ಳಬೇಕು. ಆದರೆ ಯಾರನ್ನು ಕೇಳಬೇಕು, ಯಾವ ನಂಬರ್ ಹುಡುಕಬೇಕು ಅನ್ನುವುದು ಅದರಿಂದ ಬೇಗ ಗೊತ್ತಾಗುತ್ತದೆ.

ಹಿಂದೆ ಈ ಲೆಕ್ಕಕ್ಕೆ ಇ104 ಅನ್ನುವ ಕಾಗದದ ಫಾರ್ಮ್ ಇತ್ತು. ಹಳಬರು ಈಗಲೂ ಆ ಹೆಸರನ್ನೇ ಹೇಳುತ್ತಾರೆ. ಈಗ ಅದೇ ಮಾಹಿತಿ ಇಇಎಸ್‌ಎಸ್‌ಐ ಅನ್ನುವ ಎಲೆಕ್ಟ್ರಾನಿಕ್ ಜಾಲದಲ್ಲಿ ಕಚೇರಿಯಿಂದ ಕಚೇರಿಗೆ ಹೋಗುತ್ತದೆ. ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಬೇಕು. ಯು1 ಅನ್ನುವ ಫಾರ್ಮ್ ಕೆಲಸ ಕಳೆದುಕೊಂಡವರಿಗೆ. ಎ1 ಅನ್ನುವುದು ಕಂಪನಿಯೇ ಒಂದು ದೇಶದಿಂದ ಇನ್ನೊಂದಕ್ಕೆ ತಾತ್ಕಾಲಿಕವಾಗಿ ಕಳಿಸಿದವರಿಗೆ. ಕಾಯಿಲೆ ಹಣಕ್ಕೆ ಎರಡೂ ಬೇಡ. ಸ್ನೇಹಿತೆಯೊಬ್ಬಳು ಯು1 ತರಿಸಲು ವಾರಗಟ್ಟಲೆ ಓಡಾಡಿ ಸುಸ್ತಾಗಿದ್ದಳು.

ಬೆಂಗಳೂರಿನ ಕಂಪನಿಯಿಂದ ಆನ್‌ಸೈಟ್ ಅಂತ ಜರ್ಮನಿಗೆ ಹೋದವರ ಕಥೆ ಬೇರೆ. ಪಿಎಫ್ ಕಚೇರಿಯಿಂದ ಸರ್ಟಿಫಿಕೇಟ್ ಆಫ್ ಕವರೇಜ್ ತೆಗೆದುಕೊಂಡು ಹೋದವರು ಭಾರತದ ವ್ಯವಸ್ಥೆಯಲ್ಲೇ ಉಳಿದಿರುತ್ತಾರೆ. ಅಂಥವರು ಹಳೆಯ ಸಂಬಳದ ಚೀಟಿ ತೆಗೆದು ನೋಡಬೇಕು. ಜರ್ಮನಿಯ ವಿಮೆಗೆ ಕಡಿತವೇ ಆಗಿಲ್ಲದಿದ್ದರೆ ಸೇರಿಸಲು ವಾರಗಳೇ ಇರುವುದಿಲ್ಲ.

ಪತ್ರ ತಲುಪಿದ ಮೇಲೆ ಕಾಯುವುದು ಶುರುವಾಯಿತು. ಐರ್ಲೆಂಡಿನ ಕಚೇರಿ ಜರ್ಮನಿಗೆ ಕೇಳಿಕೆ ಕಳಿಸಿತು. ಅಲ್ಲಿಂದ ಉತ್ತರ ಬರಬೇಕು. ಆಗ ಹೆಸರಿನ ತೊಡಕು ಎದ್ದಿತು.

ನಮ್ಮ ಕಡೆಯ ಹೆಸರುಗಳು ನಿಮಗೆ ಗೊತ್ತೇ ಇದೆ. ಮನೆಹೆಸರು ಅಂತ ಏನೂ ಇಲ್ಲ. ಇನಿಷಿಯಲ್ ಒಂದು ಊರಿನದು, ಒಂದು ಅಪ್ಪನದು. ನನ್ನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ. ಎಲ್ಲವೂ ಗಿವನ್ ನೇಮ್‌ನಲ್ಲೇ ಇದೆ. ಜರ್ಮನಿಯ ವ್ಯವಸ್ಥೆ ಖಾಲಿ ಬಿಡಲು ಒಪ್ಪಲಿಲ್ಲ. ಅಲ್ಲಿ ಅಪ್ಪನ ಹೆಸರು ನನ್ನ ಸರ್‌ನೇಮ್ ಆಯಿತು. ಐರ್ಲೆಂಡಿನಲ್ಲಿ ನನ್ನ ಹೆಸರೇ ಸರ್‌ನೇಮ್ ಆಗಿ ಕೂತಿತ್ತು. ಹುಟ್ಟಿದ ದಿನ ಒಂದೇ, ಆದರೆ ಎರಡು ಕಡೆ ಎರಡು ಹೆಸರು. ಹೀಗಾದರೆ ಇದು ಒಬ್ಬಳೇ ವ್ಯಕ್ತಿ ಅಂತ ಕಚೇರಿಯವರು ಹೇಗೆ ನಂಬಬೇಕು? ಅವರು ಕೇಳಿದ್ದು ಸರಿಯಾಗಿಯೇ ಇತ್ತು.

ನಾನು ಪಾಸ್‌ಪೋರ್ಟ್, ಜರ್ಮನಿಯ ಹಳೆಯ ರೆಸಿಡೆನ್ಸ್ ಕಾರ್ಡ್, ಕ್ರಾಂಕನ್‌ಕಾಸೆ ಕಾರ್ಡ್ ಮೂರರ ಪ್ರತಿಯನ್ನೂ ಒಂದೇ ಪುಟದಲ್ಲಿ ಪಕ್ಕಪಕ್ಕ ಇಟ್ಟು ಸ್ಕ್ಯಾನ್ ಮಾಡಿದೆ. ಕೆಳಗೆ, ದಕ್ಷಿಣ ಭಾರತದಲ್ಲಿ ಹೆಸರಿಡುವ ಪದ್ಧತಿ ಹೀಗೆ, ಈ ಮೂರೂ ನಾನೇ ಅಂತ ಬರೆದು ಸಹಿ ಹಾಕಿ ಎರಡೂ ಕಚೇರಿಗೆ ಕಳಿಸಿದೆ. ಜರ್ಮನಿಯ ವಿಮಾ ಸಂಸ್ಥೆಗೆ ನಾನೇ ನೇರ ಫೋನ್ ಮಾಡಿ, ಐರ್ಲೆಂಡಿನಿಂದ ಕೇಳಿಕೆ ಬಂದಿದೆಯಾ ಅಂತ ವಿಚಾರಿಸಿದೆ. ನನ್ನ ಅರೆಬರೆ ಜರ್ಮನ್ ಅವತ್ತು ಕೆಲಸಕ್ಕೆ ಬಂತು. ಆ ಕಡೆಯವರು ಆ ಪುಟ ನೋಡಿದ ಮೇಲೆ ಕಡತ ಮುಂದಕ್ಕೆ ಹೋಯಿತು. ದೇಶ ಬದಲಿಸುವ ನಮ್ಮವರು ಇಂಥ ಒಂದು ಪುಟವನ್ನು ಮೊದಲೇ ಮಾಡಿಟ್ಟುಕೊಂಡರೆ ಒಳ್ಳೆಯದು.

ಈ ನಡುವೆ ಆಪರೇಷನ್ ಆಯಿತು. ಮನೆ ನಡೆದದ್ದು ಉಳಿತಾಯದಿಂದ. ತೀರಾ ಕಷ್ಟದಲ್ಲಿರುವವರು ತೀರ್ಮಾನ ಬರುವವರೆಗೆ ಸಪ್ಲಿಮೆಂಟರಿ ವೆಲ್‌ಫೇರ್ ಅಲೋವನ್ಸ್ ಅನ್ನುವ ಸರ್ಕಾರದ ನೆರವು ಕೇಳಬಹುದು. ಅದಕ್ಕೆ ಮನೆಯ ಆದಾಯ, ಉಳಿತಾಯ ನೋಡುತ್ತಾರೆ. ಇಲ್‌ನೆಸ್ ಬೆನಿಫಿಟ್‌ಗೆ ಅವೆರಡನ್ನೂ ನೋಡುವುದಿಲ್ಲ.

ಜರ್ಮನಿಯ ಉತ್ತರ ಬಂದ ಮೇಲೆ ಲೆಕ್ಕ ಸರಳವಾಗಿತ್ತು. ಅಲ್ಲಿ ತಿಂಗಳು, ದಿನಗಳಲ್ಲಿ ಇರುವುದನ್ನು ಇಲ್ಲಿ ವಾರಕ್ಕೆ ಬದಲಿಸಬೇಕು. ಮೂರು ತಿಂಗಳಿಗೆ 13 ವಾರ. 2022ರ ಪೂರ್ತಿ ವರ್ಷ ನಾನು ಜರ್ಮನಿಯಲ್ಲಿ ವಿಮೆ ಕಟ್ಟಿದ್ದೆ, ಅಂದರೆ 52 ವಾರ. ಬೇಕಾದದ್ದು 39. ಒಟ್ಟು 104 ಕೂಡ ಅಲ್ಲಿನ ನಾಲ್ಕು ವರ್ಷದಿಂದಲೇ ದಾಟಿ ಹೋಗಿತ್ತು. ಮಂಜೂರಾದ ಪತ್ರ ಬಂತು. ಕಾಯ್ದ ವಾರಗಳ ಹಣ ಒಟ್ಟಿಗೇ ಬಂತು.

2024ರಲ್ಲಿ ಗರಿಷ್ಠ ದರ ವಾರಕ್ಕೆ 232 ಯೂರೋ ಇತ್ತು. ಗಂಡ ಅಥವಾ ಹೆಂಡತಿಗೆ ಆದಾಯ ಇಲ್ಲದಿದ್ದರೆ, ಮಕ್ಕಳಿದ್ದರೆ ಅದರ ಮೇಲೆ ಇನ್ನಷ್ಟು ಸೇರುತ್ತದೆ. ಮೊದಲ 3 ದಿನಕ್ಕೆ ಹಣ ಇಲ್ಲ, ಭಾನುವಾರ ಲೆಕ್ಕಕ್ಕಿಲ್ಲ. 104ರಿಂದ 259 ವಾರ ಕಟ್ಟಿದವರಿಗೆ 312 ದಿನ, ಅಂದರೆ ಒಂದು ವರ್ಷ. 260 ಅಥವಾ ಅದಕ್ಕಿಂತ ಹೆಚ್ಚು ಕಟ್ಟಿದವರಿಗೆ 624 ದಿನ. ಜರ್ಮನಿಯಲ್ಲೇ ಕಾಯಿಲೆ ಬಿದ್ದಿದ್ದರೆ ಮೊದಲ 6 ವಾರ ಕಂಪನಿಯಿಂದ ಪೂರ್ತಿ ಸಂಬಳ, ಆಮೇಲೆ ಒಟ್ಟು ಸಂಬಳದ 70 ಪರ್ಸೆಂಟ್‌ವರೆಗೆ ಸಿಗುತ್ತಿತ್ತು. ಅದರ ಮುಂದೆ 232 ಸಣ್ಣದು. ಡಬ್ಲಿನ್ ಬಾಡಿಗೆಗೂ ಸಾಲದು. ಆದರೆ ಆ ವಾರಗಳಲ್ಲಿ ಅಕ್ಕಿ, ಬೇಳೆ, ಕರೆಂಟು, ಮಗಳ ಸ್ಕೂಲಿನ ಖರ್ಚು ಅದರಲ್ಲೇ ನಡೆಯಿತು. ಯಾರ ಮುಂದೆಯೂ ಕೈ ಚಾಚದೆ ನಡೆಯಿತು.

ವೀಸಾಕ್ಕೆ ತೊಂದರೆ ಆಗುತ್ತದೇನೋ ಅಂತ ಹೆದರುವವರು ತುಂಬ ಜನ ಇದ್ದಾರೆ. ನಾನೂ ವರ್ಕ್ ಪರ್ಮಿಟ್‌ನಲ್ಲೇ ಇದ್ದೆ. ಇದು ಕಟ್ಟಿದ ವಿಮೆಯ ಹಣ. ಬಡತನದ ನೆರವು ಕೇಳಿದಾಗ ಮಾಡುವ, ನೀವು ನಿಜಕ್ಕೂ ಐರ್ಲೆಂಡಿನಲ್ಲೇ ನೆಲೆಸಿದ್ದೀರಾ ಅನ್ನುವ ಪರೀಕ್ಷೆಯೂ ಇದಕ್ಕಿಲ್ಲ. ಆ ಭಯದಿಂದ ಅರ್ಜಿ ಹಾಕದೆ ಇರಬೇಡಿ.

ಕೆಲಸಕ್ಕೆ ವಾಪಸ್ ಹೋಗುವಾಗ ಇಲಾಖೆಗೆ ತಿಳಿಸಿ ಹಣ ನಿಲ್ಲಿಸಬೇಕು, ಡಾಕ್ಟರ್ ಕೊನೆಯ ಸರ್ಟಿಫಿಕೇಟ್ ಕಳಿಸಬೇಕು. ಈ ಹಣಕ್ಕೆ ಇನ್‌ಕಮ್ ಟ್ಯಾಕ್ಸ್ ಇದೆ, ಪಿಆರ್‌ಎಸ್‌ಐ ಇಲ್ಲ. ನಾನು ಕೆಲಸಕ್ಕೆ ಮರಳಿದ ಮೇಲೆ ಸಂಬಳದ ಚೀಟಿಯಲ್ಲಿ ಟ್ಯಾಕ್ಸ್ ಸ್ವಲ್ಪ ಜಾಸ್ತಿ ಕಂಡದ್ದು ಅದಕ್ಕೇ. ಮಲಗಿದ್ದ ವಾರಗಳಿಗೂ ಕ್ರೆಡಿಟ್ ಸಿಗುತ್ತದೆ. ಆ ವಾರಗಳು ಖಾಲಿ ಉಳಿಯದೆ ಪಿಆರ್‌ಎಸ್‌ಐ ದಾಖಲೆಯಲ್ಲಿ ಸೇರುತ್ತವೆ. ಮೈವೆಲ್‌ಫೇರ್‌ನಲ್ಲಿ ಆ ದಾಖಲೆ ತೆಗೆದು, ಎಲ್ಲ ಬಂದಿದೆಯಾ ಅಂತ ಒಂದು ಸಲ ನೋಡಿಕೊಳ್ಳಿ.